ಕೇಬಲ್ ಹುಡುಗ ಹಾಕಿಕೊಟ್ಟ ಪಾಸ್‌ವರ್ಡ್

ಕಳೆದ ದೀಪಾವಳಿಗೆ ಶಿವಮೊಗ್ಗದ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಷ್ಟರಲ್ಲೇ ಚಿಕ್ಕಮ್ಮ ಶುರು ಮಾಡಿದರು. "ನೆಟ್ ತುಂಬಾ ಸ್ಲೋ ಆಗಿದೆ ಕಣೋ. ರಾತ್ರಿ ಧಾರಾವಾಹಿ ಹಾಕಿದರೆ ಸುತ್ತುತ್ತಾನೇ ಇರುತ್ತೆ. ಊಟ ಆದಮೇಲೆ ಸ್ವಲ್ಪ ನೋಡು."

ಮನೆಗೆಲ್ಲ ವೈಫೈ ಹಂಚುವ ಪೆಟ್ಟಿಗೆ, ಅಂದರೆ ರೌಟರ್, ಇದ್ದದ್ದು ಟಿವಿ ಸ್ಟ್ಯಾಂಡಿನ ಹಿಂದೆ, ಗೋಡೆಗೆ ಆನಿಸಿದ ಹಳೇ ಕ್ಯಾಲೆಂಡರಿನ ಕೆಳಗೆ. ಮೈತುಂಬ ಧೂಳು. ನೆತ್ತಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ಬಾಲ್‌ಪೆನ್ನಿನಲ್ಲಿ ಬರೆದ ಹತ್ತು ಅಂಕಿ. ಚಿಕ್ಕಪ್ಪನ ಮೊಬೈಲ್ ನಂಬರ್. ವೈಫೈ ಪಾಸ್‌ವರ್ಡ್ ಕೂಡ ಅದೇ.

"ಇದನ್ನ ಹಾಕಿದ್ದು ಯಾರು ಚಿಕ್ಕಮ್ಮ?"

"ಕನೆಕ್ಷನ್ ಕೊಡೋಕೆ ಬಂದಿದ್ದ ಕೇಬಲ್ ಹುಡುಗನೇ ಹಾಕಿಕೊಟ್ಟ. ಬೇರೆ ಏನಾದರೂ ಇಟ್ಟರೆ ನೀವು ಮರೀತೀರಿ ಆಂಟಿ, ಅಂಕಲ್ ನಂಬರೇ ಇರಲಿ ಅಂದ. ಪಾಪ, ಒಳ್ಳೇ ಹುಡುಗ."

ನನ್ನ ಫೋನನ್ನು ಅವರ ವೈಫೈಗೆ ಸೇರಿಸಿ, ಬ್ರೌಸರ್‌ನಲ್ಲಿ 192.168.1.1 ಎಂದು ಹೊಡೆದೆ. ರೌಟರ್‌ನ ಲಾಗಿನ್ ಪುಟ ಬಂತು. ಹೆಸರಿನ ಜಾಗದಲ್ಲಿ 'ಅಡ್ಮಿನ್', ಪಾಸ್‌ವರ್ಡ್ ಜಾಗದಲ್ಲೂ 'ಅಡ್ಮಿನ್'. ಒಂದೇ ಸಲಕ್ಕೆ ಒಳಗೆ ಬಿಟ್ಟಿತು. ಆ ಹೊತ್ತಿನಲ್ಲಿ ಸೇರಿಕೊಂಡಿದ್ದ ಸಾಧನಗಳ ಪಟ್ಟಿ ತೆಗೆದೆ. ಹದಿನೇಳು. ಮನೆಯಲ್ಲಿರುವುದು ಇಬ್ಬರು.

ಚಿಕ್ಕಮ್ಮನೂ ನಾನೂ ಪಕ್ಕ ಪಕ್ಕ ಕೂತು ಒಂದೊಂದನ್ನೇ ಗುರುತಿಸಿದೆವು. ಎರಡು ಫೋನು. ಟಿವಿ. ಗೇಟಿನ ಕಡೆ ಮುಖ ಮಾಡಿದ ಕ್ಯಾಮೆರಾ. ಮಗ ಬಿಟ್ಟುಹೋದ ಹಳೇ ಟ್ಯಾಬ್. ಹಬ್ಬಕ್ಕೆ ಬಂದ ನಮ್ಮವೇ ಐದು. ಮಹಡಿ ಮನೆಯ ಬಾಡಿಗೆ ಹುಡುಗರದ್ದು ಮೂರು. ಕೊನೆಗೆ ನಾಲ್ಕು ಉಳಿದವು. ಅವು ಯಾರದು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ.

ಇದನ್ನು ಒಂದು ಮನೆಯ ಅಸಡ್ಡೆ ಅಂತ ತಳ್ಳಿಹಾಕುವ ಹಾಗಿಲ್ಲ. 2017ರ ಜುಲೈ ಕೊನೆಯ ವಾರದಲ್ಲಿ ನಮ್ಮ ರಾಜ್ಯದಲ್ಲೇ ಏನಾಯಿತು ನೋಡಿ. ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದಲ್ಲಿ ಸಾವಿರಾರು ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಇದ್ದಕ್ಕಿದ್ದಂತೆ ಕೈಕೊಟ್ಟವು. ಕಂಪನಿಯ ಒಳಗಿನ ಜಾಲಕ್ಕೆ ಏನೂ ಆಗಿರಲಿಲ್ಲ. ಪೆಟ್ಟು ಬಿದ್ದದ್ದು ಜನರ ಮನೆಯ ಪೆಟ್ಟಿಗೆಗೆ. ಅದರಲ್ಲೂ ಕಾರ್ಖಾನೆಯಿಂದ ಬಂದ 'ಅಡ್ಮಿನ್' ಎಂಬ ಪಾಸ್‌ವರ್ಡನ್ನು ಹಾಗೇ ಉಳಿಸಿಕೊಂಡಿದ್ದ ಮೋಡೆಮ್‌ಗಳಿಗೆ. ದಯವಿಟ್ಟು ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಕಂಪನಿ ಆಮೇಲೆ ಗ್ರಾಹಕರಿಗೆ ಹೇಳಿತು.

ಈ ದಾಳಿ ನನ್ನದೇ ಎಂದು ಹೇಳಿಕೊಂಡವನು 'ಬ್ರಿಕರ್‌ಬಾಟ್' ಎಂಬ ಮಾಲ್‌ವೇರ್, ಅಂದರೆ ಕೇಡು ಮಾಡುವ ಪ್ರೋಗ್ರಾಂ, ಬರೆದಿದ್ದ ಅನಾಮಿಕ. ಬ್ರಿಕ್ ಅಂದರೆ ಇಟ್ಟಿಗೆ. ಸಾಧನದ ಮೆಮೊರಿಯ ಮೇಲೆ ಕಸ ಬರೆದು, ಅದನ್ನು ಇಟ್ಟಿಗೆ ಮಾಡಿಡುವುದೇ ಅದರ ಕೆಲಸ. ಅವನ ವಾದವೂ ವಿಚಿತ್ರವಾಗಿತ್ತು. ಬೀಗವಿಲ್ಲದ ಸಾಧನಗಳನ್ನು ಕಳ್ಳರು ಹಿಡಿದು ಇಡೀ ಇಂಟರ್‌ನೆಟ್ಟಿಗೆ ರೋಗ ಹರಡುತ್ತಾರೆ, ಅದಕ್ಕೂ ಮೊದಲೇ ನಾನು ಅವನ್ನು ಸಾಯಿಸುತ್ತೇನೆ, ಇದು ಇಂಟರ್‌ನೆಟ್ಟಿಗೆ ಕೊಡುವ ಕೀಮೋಥೆರಪಿ ಅಂತ. ನಾನು ಇದನ್ನು ಒಪ್ಪುವುದಿಲ್ಲ. ಆ ಮೋಡೆಮ್ ನಂಬಿಕೊಂಡು ಅಂಗಡಿ ನಡೆಸುತ್ತಿದ್ದವನ ಒಂದು ವಾರದ ದುಡಿಮೆ ಯಾರೋ ಅನಾಮಿಕನ ಆಸ್ತಿ ಅಲ್ಲವಲ್ಲ. ಆದರೆ ಅವನು ತೋರಿಸಿದ ರೋಗ ಮಾತ್ರ ನಿಜ.

ಆ ರೋಗದ ಹೆಸರು ಮಿರಾಯ್. 2016ರಲ್ಲಿ ಅಮೆರಿಕದ ಮೂವರು ಯುವಕರು ಇದನ್ನು ಬರೆದರು. ಅದರೊಳಗೆ ದೊಡ್ಡ ವಿದ್ಯೆ ಏನೂ ಇರಲಿಲ್ಲ. ಕಾರ್ಖಾನೆಯಲ್ಲಿ ಇಡುವ ಹೆಸರು ಮತ್ತು ಪಾಸ್‌ವರ್ಡ್‌ಗಳ ಅರವತ್ತು ಚಿಲ್ಲರೆ ಜೋಡಿಗಳ ಪಟ್ಟಿ ಇತ್ತು, ಅಷ್ಟೇ. ಆ ಪಟ್ಟಿ ಹಿಡಿದು ಅದು ಇಂಟರ್‌ನೆಟ್ಟಿನ ಬೀದಿ ಬೀದಿ ಸುತ್ತಿ, ಮನೆ ಮನೆಯ ಕದ ತಳ್ಳಿ ನೋಡುತ್ತಿತ್ತು. ತೆರೆದುಕೊಂಡ ಕ್ಯಾಮೆರಾ, ರೌಟರ್, ವಿಡಿಯೊ ರೆಕಾರ್ಡರ್ ಎಲ್ಲವೂ ಅದರ ಕೂಲಿಯಾಳು. ಒಂದು ಹಂತದಲ್ಲಿ ಸುಮಾರು ಆರು ಲಕ್ಷ ಸಾಧನಗಳು ಅದರ ಕೈಯಲ್ಲಿದ್ದವು. ಆ ವರ್ಷ ಅಕ್ಟೋಬರ್ 21ರಂದು ಇಂಥ ಕೂಲಿಪಡೆಯೊಂದು, ಅನೇಕ ದೊಡ್ಡ ವೆಬ್‌ಸೈಟ್‌ಗಳ ವಿಳಾಸ ಹೇಳಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಬಿತ್ತು. ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್ ಎಲ್ಲವೂ ಅಮೆರಿಕದ ಬಹುಭಾಗದಲ್ಲಿ ಗಂಟೆಗಟ್ಟಲೆ ಸಿಗಲಿಲ್ಲ. ದಾಳಿ ಮಾಡಿದ ಆ ಕ್ಯಾಮೆರಾಗಳ ಮಾಲೀಕರಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಅವರ ಮನೆಯ ಟಿವಿ, ಫೋನು ಎಂದಿನಂತೆ ನಡೆಯುತ್ತಿದ್ದವು.

"ನಮ್ಮ ಮನೇಲಿ ಕದಿಯೋಕೆ ಏನಿದೆ ಬಿಡಿ" ಅಂತ ಹೇಳುವವರು ಜಾಸ್ತಿ. ಚಿಕ್ಕಪ್ಪನೂ ಅದನ್ನೇ ಅಂದರು. ಆದರೆ ಇಲ್ಲಿ ಕಳ್ಳನಿಗೆ ಬೇಕಿರುವುದು ನಿಮ್ಮ ಮನೆಯ ಸಾಮಾನಿಗಿಂತ ಹೆಚ್ಚಾಗಿ ನಿಮ್ಮ ಮನೆಯ ವಿಳಾಸ. ಯಾರದೋ ಖಾತೆಗೆ ನುಗ್ಗುವಾಗ, ಬೆದರಿಕೆ ಪತ್ರ ಕಳಿಸುವಾಗ, ಅವನು ನಿಮ್ಮ ರೌಟರ್ ಮೂಲಕ ಹೋದರೆ ಅತ್ತ ಕಡೆ ಕಾಣುವುದು ನಿಮ್ಮ ಮನೆಯ ಐಪಿ ವಿಳಾಸ, ಅಂದರೆ ಇಂಟರ್‌ನೆಟ್ಟಿನಲ್ಲಿ ನಿಮ್ಮ ಕನೆಕ್ಷನ್ನಿನ ಗುರುತಿನ ಅಂಕಿ. ಪೊಲೀಸರು ಮೊದಲು ಬರುವುದು ಆ ವಿಳಾಸಕ್ಕೆ.

ನಮ್ಮ ದೇಶದಲ್ಲಿ ಇದು ತೀರಾ ಘೋರವಾಗಿ ಗೊತ್ತಾದದ್ದು 2008ರಲ್ಲಿ. ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟ ಆಗುವ ಕೆಲವೇ ನಿಮಿಷ ಮೊದಲು ಸುದ್ದಿ ಸಂಸ್ಥೆಗಳಿಗೆ ಒಂದು ಇಮೇಲ್ ಬಂತು. ಜಾಡು ಹಿಡಿದು ಹೋದರೆ ಅದು ನವಿ ಮುಂಬೈನ ಒಂದು ಫ್ಲ್ಯಾಟಿನ ವೈಫೈಗೆ ಹೋಗಿ ನಿಂತಿತು. ಅಲ್ಲಿದ್ದವರು ಒಬ್ಬ ವಿದೇಶಿ. ಅವರ ವೈಫೈಗೆ ಭದ್ರವಾದ ಬೀಗ ಇರಲಿಲ್ಲ. ಹೊರಗಿನಿಂದ ಯಾರೋ ಅದನ್ನು ಬಳಸಿಕೊಂಡಿದ್ದರು. ಆ ಮನುಷ್ಯ ವಾರಗಟ್ಟಲೆ ವಿಚಾರಣೆ ಎದುರಿಸಬೇಕಾಯಿತು. ಮುಂದೆ ಮುಂಬೈ ಪೊಲೀಸರು ಬೀಗ ಇಲ್ಲದ ವೈಫೈ ಹುಡುಕಿಕೊಂಡು ಬೀದಿ ಸುತ್ತಿದರು. ಈಗ ಪಾಸ್‌ವರ್ಡೇ ಇಲ್ಲದ ವೈಫೈ ಅಪರೂಪ. ಅದರ ಜಾಗದಲ್ಲಿ ಮೊಬೈಲ್ ನಂಬರಿನ ವೈಫೈ ಬಂದಿದೆ.

ಮೊಬೈಲ್ ನಂಬರ್ ಯಾಕೆ ಬೇಡ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹತ್ತು ಅಂಕಿ ಇದೆಯಲ್ಲ, ಯಾರು ಊಹಿಸುತ್ತಾರೆ ಅನ್ನಿಸುವುದು ಸಹಜ. ನಿಮ್ಮ ಫೋನು ವೈಫೈಗೆ ಸೇರುವಾಗ ರೌಟರ್ ಜೊತೆ ಒಂದು ಗುರುತಿನ ಮಾತುಕತೆ ನಡೆಸುತ್ತದೆ. ಅಕ್ಕಪಕ್ಕದಲ್ಲಿ ಕೂತವನು ಅದನ್ನು ಗಾಳಿಯಿಂದ ಹಿಡಿದಿಟ್ಟುಕೊಳ್ಳಬಹುದು. ಆಮೇಲೆ ಮನೆಗೆ ಹೋಗಿ ಆರಾಮಾಗಿ ತನ್ನ ಕಂಪ್ಯೂಟರಿನಲ್ಲಿ ಒಂದೊಂದೇ ನಂಬರ್ ಹಾಕಿ ತಾಳೆ ನೋಡಬಹುದು. ರೌಟರ್‌ಗೆ ಅದು ಗೊತ್ತೇ ಆಗುವುದಿಲ್ಲ. ನಮ್ಮ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಶುರುವಾಗುತ್ತವೆ. ಅಲ್ಲಿಗೆ ಒಟ್ಟು ಸಾಧ್ಯತೆ 400 ಕೋಟಿ. ಕೇಳಲು ದೊಡ್ಡ ಸಂಖ್ಯೆ. ಆಟ ಆಡುವವರು ಹಾಕಿಸಿಕೊಳ್ಳುವ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್‌ಗೆ ಇದು ಕೆಲವೇ ಗಂಟೆಗಳ ಕೆಲಸ.

ಇದನ್ನು ಒಬ್ಬರು ಮಾಡಿಯೂ ತೋರಿಸಿದ್ದಾರೆ. ಇಸ್ರೇಲಿನಲ್ಲೂ ನಮ್ಮ ಹಾಗೇ ಮೊಬೈಲ್ ನಂಬರನ್ನೇ ವೈಫೈಗೆ ಇಡುವ ರೂಢಿ ಇದೆ. 2021ರಲ್ಲಿ ಅಲ್ಲಿನ ಒಬ್ಬ ಭದ್ರತಾ ಸಂಶೋಧಕ ಟೆಲ್ ಅವೀವ್ ನಗರ ಸುತ್ತಿ 5,000 ವೈಫೈ ಜಾಲಗಳ ಸುಳಿವು ಸಂಗ್ರಹಿಸಿದರು. ಅದರಲ್ಲಿ 3,500ಕ್ಕೂ ಹೆಚ್ಚು ಜಾಲಗಳ ಪಾಸ್‌ವರ್ಡ್ ಒಡೆಯಿತು. ಹೆಚ್ಚಿನವು ಮೊಬೈಲ್ ನಂಬರುಗಳೇ. ಇನ್ನು ನಮ್ಮ ಮನೆಯ ಲೆಕ್ಕಕ್ಕೆ ಬಂದರೆ ಕಂಪ್ಯೂಟರೂ ಬೇಡ. ಚಿಕ್ಕಪ್ಪನ ನಂಬರು ಬೀದಿಗೆಲ್ಲಾ ಗೊತ್ತು. ಹಾಲಿನವನಿಗೆ, ಗ್ಯಾಸಿನವನಿಗೆ, ಕೊರಿಯರ್ ಹುಡುಗನಿಗೆ.

ಈಗ ಎರಡನೇ ಕೀಲಿಗೆ ಬರೋಣ. ಬಹಳ ಜನ ಇವೆರಡನ್ನೂ ಒಂದೇ ಅಂದುಕೊಂಡಿದ್ದಾರೆ. ವೈಫೈ ಪಾಸ್‌ವರ್ಡ್ ಅನ್ನುವುದು ಮನೆಯೊಳಗೆ ಬರುವ ಕೀಲಿ. ಅಡ್ಮಿನ್ ಪಾಸ್‌ವರ್ಡ್ ಅನ್ನುವುದು ಮನೆಯ ಬೀಗಗಳನ್ನೇ ಬದಲಿಸುವ ಅಧಿಕಾರ. ಮೊದಲನೆಯದನ್ನು ನೆಂಟರು ಬಂದಾಗೆಲ್ಲ ಹೇಳಿಕೊಡುತ್ತೇವೆ. ಎರಡನೆಯದು ಇದೆ ಅನ್ನುವುದೇ ನಮಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದರಿಂದಲೇ ಅದು 'ಅಡ್ಮಿನ್' ಆಗಿಯೇ ಉಳಿದಿರುತ್ತದೆ.

ಎರಡನೆಯದು ಕಳ್ಳನ ಕೈಗೆ ಹೋದರೆ ಏನಾಗುತ್ತದೆ? ನೀವು ಬ್ಯಾಂಕಿನ ಹೆಸರು ಟೈಪ್ ಮಾಡಿದಾಗ, ಆ ಹೆಸರಿಗೆ ಸರಿಯಾದ ಅಂಕಿಯ ವಿಳಾಸ ಯಾವುದು ಎಂದು ಹೇಳಿಕೊಡುವ ಒಂದು ವ್ಯವಸ್ಥೆ ಇದೆ. ಡಿಎನ್‌ಎಸ್ ಅನ್ನುತ್ತಾರೆ. ಊರಿಗೆ ಹೊಸಬರು ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಗೂಡಂಗಡಿಯವನನ್ನು "ಮೇಷ್ಟ್ರ ಮನೆ ಎಲ್ಲಿ" ಅಂತ ಕೇಳುತ್ತಾರಲ್ಲ, ಹಾಗೆ. ದಾರಿಯನ್ನು ಯಾರ ಹತ್ತಿರ ಕೇಳಬೇಕು ಅನ್ನುವುದು ರೌಟರ್‌ನ ಒಳಗೆ ಒಂದು ಸಾಲಿನಲ್ಲಿ ಬರೆದಿರುತ್ತದೆ. ಆ ಸಾಲನ್ನು ಬದಲಿಸಿಬಿಟ್ಟರೆ ಮುಗಿಯಿತು. ಗೂಡಂಗಡಿಯಲ್ಲಿ ಕೂತವನೇ ಕಳ್ಳನ ಕಡೆಯವನಾಗುತ್ತಾನೆ. ನಿಮ್ಮ ಫೋನಿನಲ್ಲಿ ವೈರಸ್ ಇಲ್ಲ, ಲ್ಯಾಪ್‌ಟಾಪ್ ಹೊಸದು, ಆದರೂ ನೀವು ಹೋಗಿ ನಿಲ್ಲುವುದು ತಪ್ಪು ಬಾಗಿಲಿಗೆ. ಬ್ರೆಜಿಲ್‌ನಲ್ಲಿ 2011ರ ಹೊತ್ತಿಗೆ ಹೀಗೆ ಸುಮಾರು 45 ಲಕ್ಷ ಮೋಡೆಮ್‌ಗಳ ಈ ಸಾಲನ್ನು ಕಳ್ಳರು ತಿದ್ದಿದ್ದರು.

ಅಡ್ಮಿನ್ ಪುಟ ಮನೆಯ ಒಳಗಿನಿಂದ ಮಾತ್ರ ತೆರೆಯುತ್ತದಲ್ಲ ಅಂತ ಕೇಳಬಹುದು. ಸರಿಯಾಗಿ ಹೊಂದಿಸಿದ್ದರೆ ಹೌದು. ಆದರೆ ಎಷ್ಟೋ ರೌಟರ್‌ಗಳಲ್ಲಿ ಹೊರಗಿನಿಂದ ನಿರ್ವಹಿಸುವ ಬಾಗಿಲು ತೆರೆದೇ ಇರುತ್ತದೆ, ರಿಪೇರಿಗೆ ಅನುಕೂಲ ಅಂತ. ಅದು ಮುಚ್ಚಿದ್ದರೂ, ಒಳಗಿರುವ ಒಂದೇ ಒಂದು ಸಾಧನ ಕೆಟ್ಟರೆ ಸಾಕು. ಈಗ ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಅಂತ ಎಪಿಕೆ ಫೈಲ್, ಅಂದರೆ ಒತ್ತಿದರೆ ಆ್ಯಪ್ ಕೂರಿಸುವ ಫೈಲ್, ಬರುತ್ತಿವೆಯಲ್ಲ. ಅವುಗಳ ಮುಖ್ಯ ಗುರಿ ಒಟಿಪಿ ಕದಿಯುವುದು. ಆದರೆ ಹಾಗೆ ಒಳಗೆ ಬಂದ ಆ್ಯಪ್ ಮನೆಯ ಜಾಲದ ಒಳಗೇ ನಿಂತಿರುತ್ತದೆ ಅನ್ನುವುದನ್ನು ಮರೆಯಬಾರದು. ಕಡಿಮೆ ಬೆಲೆಗೆ ಸಿಗುವ ಹೆಸರಿಲ್ಲದ ಆಂಡ್ರಾಯ್ಡ್ ಟಿವಿ ಬಾಕ್ಸ್‌ಗಳ ಕಥೆಯೂ ಇದೇ. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಇಂಥ ಸಾಧನಗಳನ್ನು ಹಿಡಿಯುವ 'ಬ್ಯಾಡ್‌ಬಾಕ್ಸ್ 2.0' ಎಂಬ ಮಾಲ್‌ವೇರ್ ಜಾಲದ ಬಗ್ಗೆ ಎಚ್ಚರಿಸಿತು. ಅಂಥ ಕೆಲವು ಬಾಕ್ಸ್‌ಗಳಲ್ಲಿ ಮಾಲ್‌ವೇರ್ ಅಂಗಡಿಗೆ ಬರುವ ಮೊದಲೇ ಕೂತಿರುತ್ತದೆ. ದುಡ್ಡು ಕೊಟ್ಟು ನಾವೇ ಕಳ್ಳನನ್ನು ಹಾಲ್‌ನಲ್ಲಿ ಕೂರಿಸಿಕೊಂಡ ಹಾಗೆ.

ಕ್ಯಾಮೆರಾ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಈಗ ಎಷ್ಟೊಂದು ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ, ದುಬೈನಲ್ಲಿ, ಅಮೆರಿಕದಲ್ಲಿ. ರಜೆಗೆ ಬಂದವರು ಹೋಗುವಾಗ ಒಂದು ವೈಫೈ ಕ್ಯಾಮೆರಾ ಹಾಕಿ ಹೋಗುತ್ತಾರೆ. ಅಪ್ಪ ಬಾತ್‌ರೂಮಿನ ಹತ್ತಿರ ಜಾರಿ ಬಿದ್ದರೆ ಯಾರಿಗೆ ಗೊತ್ತಾಗಬೇಕು ಎಂಬ ಆತಂಕದಿಂದ. ಆ ಪ್ರೀತಿ ಸುಳ್ಳಲ್ಲ. ಆದರೆ ಅದೇ ಕ್ಯಾಮೆರಾ ನಡುಮನೆಯಲ್ಲಿ, ಮಲಗುವ ಕೋಣೆಯಲ್ಲಿ ಕಣ್ಣು ತೆರೆದು ಕೂತಿರುತ್ತದೆ, ಬೀಗ ಮಾತ್ರ ಕಾರ್ಖಾನೆಯದ್ದು.

2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಸಿಸಿಟಿವಿ ದೃಶ್ಯಗಳು ಟೆಲಿಗ್ರಾಂನಲ್ಲಿ ಮಾರಾಟಕ್ಕೆ ಬಂದವು. ತಪಾಸಣೆಗೆ ಬಂದ ಹೆಣ್ಣುಮಕ್ಕಳ ದೃಶ್ಯಗಳು. ತನಿಖೆ ಮುಂದುವರಿದಂತೆ ದೇಶದ ಬೇರೆ ಬೇರೆ ಕಡೆಯ ಆಸ್ಪತ್ರೆ, ಅಂಗಡಿ, ಮನೆಗಳ ಕ್ಯಾಮೆರಾಗಳನ್ನೂ ಅದೇ ಗುಂಪು ಒಡೆದಿತ್ತು ಎಂದು ಗೊತ್ತಾಯಿತು. ಆ ಆಸ್ಪತ್ರೆಯ ಕ್ಯಾಮೆರಾ ವ್ಯವಸ್ಥೆಗೆ ಇದ್ದ ಪಾಸ್‌ವರ್ಡ್ 'ಅಡ್ಮಿನ್123' ಎಂದು ವರದಿಗಳು ಹೇಳಿದವು. ಇಷ್ಟು ದೊಡ್ಡ ಅನ್ಯಾಯ ಇಷ್ಟು ಸಣ್ಣ ಸೋಮಾರಿತನದಿಂದ ಆಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ. ಕ್ಯಾಮೆರಾ ಹಾಕಿದವನು, ಹಾಕಿಸಿದವನು, ಮಾಡಿದ ಕಂಪನಿ, ಮೂವರಲ್ಲಿ ಒಬ್ಬರು ಎರಡು ನಿಮಿಷ ಕೊಟ್ಟಿದ್ದರೆ ಸಾಕಿತ್ತು.

ಈ ಘಟನೆಯ ಬೆನ್ನಿಗೇ, ಅದೇ ವರ್ಷದ ಏಪ್ರಿಲ್‌ನಿಂದ ಕೇಂದ್ರ ಸರ್ಕಾರದ ಹೊಸ ನಿಯಮವೂ ಜಾರಿಗೆ ಬಂತು. ದೇಶದಲ್ಲಿ ಮಾರುವ ಇಂಟರ್‌ನೆಟ್ ಸಿಸಿಟಿವಿ ಕ್ಯಾಮೆರಾಗಳು ಮೊದಲು ಸರ್ಕಾರ ಒಪ್ಪಿದ ಪ್ರಯೋಗಾಲಯದಲ್ಲಿ ಭದ್ರತಾ ಪರೀಕ್ಷೆ ಪಾಸಾಗಬೇಕು. ಒಳ್ಳೆಯ ಹೆಜ್ಜೆ. ಆದರೆ ಈಗಾಗಲೇ ಗೋಡೆಗೆ ಮೊಳೆ ಹೊಡೆದು ಹಾಕಿರುವ ಲಕ್ಷಾಂತರ ಕ್ಯಾಮೆರಾಗಳು ಹಾಗೇ ಇವೆ.

ಇಲ್ಲಿ ಕಾನೂನಿನ ಮಾತು ಬರುತ್ತದೆ. ನಮ್ಮ ರಾಜ್ಯಕ್ಕೆ ಇದರಲ್ಲಿ ಒಂದು ಹೆಮ್ಮೆಯ ಪಾಲಿದೆ. ಕೆ.ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ ನಿವೃತ್ತರಾದವರು. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು, ಖಾಸಗಿತನ ಮೂಲಭೂತ ಹಕ್ಕು ಅಂತ. ದಿನಾಂಕ ಗಮನಿಸಿ. ಕರ್ನಾಟಕದ ಸಾವಿರಾರು ಮನೆಗಳ ಮೋಡೆಮ್ ಸತ್ತುಹೋದದ್ದು ಜುಲೈ ಕೊನೆಯಲ್ಲಿ. ತಿಂಗಳು ತುಂಬುವಷ್ಟರಲ್ಲಿ ಈ ತೀರ್ಪು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರು ಗೆದ್ದುಕೊಟ್ಟ ಹಕ್ಕು ಟಿವಿ ಸ್ಟ್ಯಾಂಡಿನ ಹಿಂದಿನ ಆ ಪೆಟ್ಟಿಗೆಯವರೆಗೆ ಇನ್ನೂ ಬಂದು ಮುಟ್ಟಿಲ್ಲ ಅನ್ನುವುದು ನನ್ನ ಕೊರಗು.

ತೀರ್ಪು ಬಂದು ಆರು ವರ್ಷಕ್ಕೆ, 2023ರಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಕಂಪನಿಗಳು ನಮ್ಮ ಮಾಹಿತಿಯನ್ನು ಹೇಗೆ ಇಟ್ಟುಕೊಳ್ಳಬೇಕು, ಸೋರಿಕೆಯಾದರೆ ಏನು ಮಾಡಬೇಕು ಅನ್ನುವುದು ಅದರಲ್ಲಿದೆ. ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಆದರೆ ಒಬ್ಬ ವ್ಯಕ್ತಿ ಸ್ವಂತಕ್ಕೆ ಅಥವಾ ಮನೆಬಳಕೆಗೆ ಮಾಡುವ ಕೆಲಸಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ಮನೆಯ ಜಾಲದ ಒಳಗಿನ ಸುರಕ್ಷತೆ ಪೂರ್ತಿ ಮನೆಯವರ ತಲೆಗೇ ಬಂತು.

ಮತ್ತು ಇದೇ ಸರಿಯಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಎಪ್ಪತ್ತರ ಚಿಕ್ಕಮ್ಮ 192.168.1.1 ಅಂತ ಹೊಡೆದು ಒಳಗೆ ಹೋಗಿ ಪಾಸ್‌ವರ್ಡ್ ಬದಲಿಸಲಿ ಅಂತ ನಿರೀಕ್ಷಿಸುವುದು ಯಾವ ನ್ಯಾಯ? ಪ್ರೆಷರ್ ಕುಕ್ಕರ್ ಕೊಂಡವರು ಸೇಫ್ಟಿ ವಾಲ್ವನ್ನು ತಾವೇ ಮಾಡಿಕೊಳ್ಳಲಿ ಅಂತ ಯಾರೂ ಹೇಳುವುದಿಲ್ಲ. ಕುಕ್ಕರ್ ಅದರ ಸಮೇತ ಬರುತ್ತದೆ. ಕೇಬಲ್ ಹುಡುಗನ ಮೇಲೂ ನನಗೆ ಸಿಟ್ಟಿಲ್ಲ. ಅವನಿಗೆ ಸಂಜೆಯೊಳಗೆ ಇನ್ನೂ ನಾಲ್ಕು ಮನೆ ಮುಗಿಸುವ ಗಡಿಬಿಡಿ. ಮರೆತುಹೋಗದ ನಂಬರ್ ಹಾಕಿಕೊಟ್ಟರೆ ನಾಳೆ ಫೋನ್ ಬರುವುದಿಲ್ಲ ಅಂತ ಅವನ ಲೆಕ್ಕ. ಅವನಿಗೆ ಬೇರೆ ಥರ ಹೇಳಿಕೊಟ್ಟವರು ಯಾರು?

ದಾರಿ ಇಲ್ಲ ಅಂತಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಒಂದು ಕಾನೂನು ಜಾರಿಯಲ್ಲಿದೆ. ಇಂಟರ್‌ನೆಟ್ಟಿಗೆ ಸೇರುವ ಯಾವ ಗೃಹೋಪಯೋಗಿ ಸಾಧನವನ್ನೂ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವ ಹಾಗಿಲ್ಲ. ಎಷ್ಟು ಕಾಲ ಭದ್ರತಾ ಅಪ್‌ಡೇಟ್ ಕೊಡುತ್ತೇವೆ ಅನ್ನುವುದನ್ನೂ ಕಂಪನಿ ಮೊದಲೇ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ 2020ರಿಂದಲೇ ಇಂಥದ್ದೊಂದು ನಿಯಮ ಇದೆ. ನಮ್ಮಲ್ಲಿ ದೂರಸಂಪರ್ಕ ಇಲಾಖೆಯ ತಾಂತ್ರಿಕ ವಿಭಾಗವಾದ ಟಿಇಸಿ 2021ರಲ್ಲೇ ಇಂಥ ಸಾಧನಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲೂ ಎಲ್ಲಕ್ಕೂ ಒಂದೇ ಡೀಫಾಲ್ಟ್ ಪಾಸ್‌ವರ್ಡ್ ಬೇಡ ಅನ್ನುವುದೇ ಮೊದಲ ಮಾತು. ಆದರೆ ಮಾರ್ಗಸೂಚಿ ಸಲಹೆ ಮಾತ್ರ. ಅದು ಕಾನೂನಾಗಬೇಕು. ಕನೆಕ್ಷನ್ ಕೊಡುವ ಕಂಪನಿಗೆ ಇದು ಎಷ್ಟು ಹೊತ್ತಿನ ಕೆಲಸ? ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ ಪಾಸ್‌ವರ್ಡ್ ಮುದ್ರಿಸಿ ಅಡಿಗೆ ಅಂಟಿಸಿ ಕಳಿಸುವುದು. ಕೆಲವು ಕಂಪನಿಗಳು ಈಗಾಗಲೇ ಹಾಗೆ ಮಾಡುತ್ತಿವೆ. ಎಲ್ಲರೂ ಮಾಡಲೇಬೇಕು ಅನ್ನುವುದು ಅತಿಯಾಸೆ ಅಲ್ಲ ಅಲ್ವಾ?

ನಡುವೆ ಒಂದು ಸುಳ್ಳು ಸಮಾಧಾನದ ಬಗ್ಗೆ ಹೇಳಬೇಕು. ಖಾಸಗಿತನ ಅಂದ ಕೂಡಲೇ "ವಿಪಿಎನ್ ಹಾಕಿಕೊಳ್ಳಿ" ಅನ್ನುವವರಿದ್ದಾರೆ. ವಿಪಿಎನ್ ಮಾಡುವುದು ಇಷ್ಟೇ: ನೀವು ಎಲ್ಲಿಗೆ ಹೋಗುತ್ತೀರಿ ಅನ್ನುವುದನ್ನು ಕನೆಕ್ಷನ್ ಕಂಪನಿಯಿಂದ ಮರೆಮಾಡಿ, ವಿಪಿಎನ್ ಕಂಪನಿಗೆ ತೋರಿಸುತ್ತದೆ. ನಂಬಿಕೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ. 'ಅಡ್ಮಿನ್' ಪಾಸ್‌ವರ್ಡಿನ ಕ್ಯಾಮೆರಾಕ್ಕೆ ಅದರಿಂದ ಯಾವ ಕಾವಲೂ ಸಿಗುವುದಿಲ್ಲ. ಪುಕ್ಕಟೆ ವಿಪಿಎನ್ ಇನ್ನೂ ಕೆಟ್ಟದ್ದು. 2015ರಲ್ಲಿ ಹೋಲಾ ಎಂಬ ಜನಪ್ರಿಯ ಉಚಿತ ಸೇವೆ ತನ್ನ ಬಳಕೆದಾರರ ಮನೆಯ ಕನೆಕ್ಷನ್‌ಗಳನ್ನು ಬೇರೆಯವರಿಗೆ ಬಾಡಿಗೆಗೆ ಕೊಡುತ್ತಿದ್ದದ್ದು ಬಯಲಾಯಿತು. ಫೇಸ್‌ಬುಕ್ಕಿನ ಒನಾವೊ ಎಂಬ ವಿಪಿಎನ್ ಆ್ಯಪ್ ಜನ ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಅನ್ನುವುದನ್ನೇ ಸಂಗ್ರಹಿಸುತ್ತಿತ್ತು. 2019ರಲ್ಲಿ ಅದನ್ನು ಮುಚ್ಚಿದರು.

ಹಾಗೆಯೇ ಒಂದು ಅತಿಯಾದ ಭಯವೂ ಇದೆ. ರೈಲ್ವೆ ಸ್ಟೇಷನ್ನಿನ ವೈಫೈಗೆ ಸೇರಿದರೆ ಬ್ಯಾಂಕ್ ಪಾಸ್‌ವರ್ಡ್ ಹೋಗೇಬಿಡುತ್ತದೆ ಅಂತ. ಈಗ ಬ್ಯಾಂಕ್ ಆ್ಯಪ್‌ಗಳು, ಹೆಚ್ಚುಕಡಿಮೆ ಎಲ್ಲ ವೆಬ್‌ಸೈಟ್‌ಗಳು ಎಚ್‌ಟಿಟಿಪಿಎಸ್ ಬಳಸುತ್ತವೆ. ಮುಚ್ಚಿದ ಲಕೋಟೆಯಲ್ಲಿ ಕಾಗದ ಹೋದ ಹಾಗೆ. ನಡುವೆ ಕೂತವನಿಗೆ ಯಾರಿಂದ ಯಾರಿಗೆ ಅನ್ನುವುದು ಕಾಣಬಹುದು, ಒಳಗಿನದ್ದು ಕಾಣುವುದಿಲ್ಲ. ಆದರೆ ಬ್ರೌಸರ್ "ಈ ಪುಟ ಸುರಕ್ಷಿತವಲ್ಲ" ಅಂತ ಕೆಂಪಗೆ ಎಚ್ಚರಿಸಿದಾಗ ಸುಮ್ನೆ ಮುಂದಕ್ಕೆ ಒತ್ತಬೇಡಿ. ನಾನು ಹೇಳಿದ ಆ ಗೂಡಂಗಡಿ ಮೋಸ ಸಿಕ್ಕಿಬೀಳುವುದು ಹೆಚ್ಚಾಗಿ ಅಲ್ಲೇ.

ಕಾನೂನು ಬರುವವರೆಗೆ ಕೈಕಟ್ಟಿ ಕೂರಲಾಗುವುದಿಲ್ಲವಲ್ಲ. ಆವತ್ತು ಮಧ್ಯಾಹ್ನ ಚಿಕ್ಕಮ್ಮನ ಮನೆಯಲ್ಲಿ ನಾನು ಮಾಡಿದ್ದನ್ನು ಹೇಳುತ್ತೇನೆ. ಒಟ್ಟು ಮುಕ್ಕಾಲು ಗಂಟೆ ಹಿಡಿಯಿತು. ಹಬ್ಬಕ್ಕೆ ಊರಿಗೆ ಹೋಗುವ ಪ್ರತಿ ಮಗ, ಮಗಳು, ಅಳಿಯ ಇದನ್ನು ಮಾಡಬಹುದು.

ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿದೆ. ಆಮೇಲೆ ವೈಫೈ ಪಾಸ್‌ವರ್ಡ್. ಇದಕ್ಕೆ ಚಿಕ್ಕಮ್ಮನನ್ನೇ ಕೇಳಿದೆ, ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಪದ ಹೇಳಿ ಅಂತ. ಅವರು ಅಡುಗೆಮನೆ ಕಡೆ ನೋಡಿ ಒಂದು, ಹಿತ್ತಲ ಕಡೆ ನೋಡಿ ಒಂದು, ಹೀಗೆ ನಾಲ್ಕು ಹೇಳಿದರು. ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆದರೆ ಇಪ್ಪತ್ತೈದು ಅಕ್ಷರ ದಾಟಿತು. ಕನ್ನಡದ ಪದಗಳನ್ನು ನಾವು ಒಬ್ಬೊಬ್ಬರು ಒಂದೊಂದು ಥರ ಇಂಗ್ಲಿಷಿನಲ್ಲಿ ಬರೆಯುತ್ತೇವಲ್ಲ, ಅದೂ ನಮ್ಮ ಅನುಕೂಲಕ್ಕೇ ಬರುತ್ತದೆ. ಉದ್ದವೇ ಇಲ್ಲಿ ಬಲ. ಕಾಗದದಲ್ಲಿ ಬರೆದಿಡಬಾರದು ಅಂತ ಕೆಲವರು ಹೆದರಿಸುತ್ತಾರೆ. ಮನೆಯೊಳಗಿನ ಡೈರಿಯಲ್ಲಿ ಬರೆದರೆ ಏನೂ ತೊಂದರೆ ಇಲ್ಲ. ದೂರದ ಕಳ್ಳ ಡೈರಿ ಓದಲಾರ.

ಬಟನ್ ಒತ್ತಿ ಅಥವಾ ಎಂಟಂಕಿಯ ಪಿನ್ ಹಾಕಿ ವೈಫೈ ಸೇರುವ ಡಬ್ಲ್ಯುಪಿಎಸ್ ಸೌಲಭ್ಯವನ್ನು ಆರಿಸಿದೆ. 2011ರಲ್ಲೇ ಅದರ ದೋಷ ಬಯಲಾಗಿದೆ. ಎಂಟಂಕಿಯನ್ನು ಅದು ಎರಡು ಭಾಗ ಮಾಡಿ ಪರೀಕ್ಷಿಸುವುದರಿಂದ ಹೆಚ್ಚೆಂದರೆ 11,000 ಪ್ರಯತ್ನದಲ್ಲಿ ಒಡೆಯುತ್ತದೆ. ಹೊರಗಿನಿಂದ ನಿರ್ವಹಿಸುವ ಆಯ್ಕೆಯನ್ನೂ ಮುಚ್ಚಿದೆ. ರೌಟರ್‌ನ ಒಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್, ಹೊಸದಿದೆಯಾ ನೋಡಿದೆ, ಇತ್ತು, ಹಾಕಿದೆ. ಕಂಪನಿ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿರುವ ತೀರಾ ಹಳೇ ರೌಟರ್ ಆಗಿದ್ದರೆ ಬದಲಿಸಿ ಅನ್ನುತ್ತಿದ್ದೆ. ಅಂಥ ಹಳೇ ಪೆಟ್ಟಿಗೆಗಳನ್ನು ಕಳ್ಳರು ತಮ್ಮ ಮುಖವಾಡವಾಗಿ ಬಳಸುತ್ತಿದ್ದಾರೆ ಎಂದು 2025ರ ಮೇನಲ್ಲಿ ಎಫ್‌ಬಿಐ ಎಚ್ಚರಿಸಿತ್ತು. ಕೊನೆಗೆ ಸ್ವಿಚ್ ಆರಿಸಿ ಮತ್ತೆ ಹಾಕಿದೆ. ಇದು ಬರೀ ರೂಢಿಯ ಮಾತಲ್ಲ. 2018ರ ಮೇನಲ್ಲಿ ವಿಪಿಎನ್‌ಫಿಲ್ಟರ್ ಎಂಬ ಮಾಲ್‌ವೇರ್ 54 ದೇಶಗಳಲ್ಲಿ ಐದು ಲಕ್ಷ ಸಾಧನಗಳನ್ನು ಹಿಡಿದಿದ್ದಾಗ, ದಯವಿಟ್ಟು ನಿಮ್ಮ ರೌಟರನ್ನು ಒಮ್ಮೆ ಆರಿಸಿ ಹಾಕಿ ಎಂದು ಅದೇ ಎಫ್‌ಬಿಐ ಜನರನ್ನು ಕೇಳಿಕೊಂಡಿತ್ತು. ಆ ಮಾಲ್‌ವೇರ್‌ನ ಹೆಚ್ಚು ಅಪಾಯಕಾರಿ ಭಾಗಗಳು ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತಿದ್ದವು.

ಕ್ಯಾಮೆರಾಕ್ಕೂ ಹೊಸ ಪಾಸ್‌ವರ್ಡ್ ಹಾಕಿದೆ. ಇನ್ನೊಂದು ಕ್ಯಾಮೆರಾ ಮಗ ಹಾಲ್‌ನಲ್ಲಿ ಇಟ್ಟುಹೋಗಿದ್ದು, ಚಾರ್ಜರ್ ಕಿತ್ತು ಗೋಡೆ ಕಡೆ ತಿರುಗಿಸಿಟ್ಟಿತ್ತು. "ಅದು ನೋಡ್ತಿದ್ದರೆ ಸೆರಗು ಸರಿಮಾಡಿಕೊಳ್ತಾನೇ ಇರಬೇಕು ಕಣೋ, ನಾನೇ ಕಿತ್ತೆ" ಅಂದರು ಚಿಕ್ಕಮ್ಮ. ಅವರಿಗೆ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು ಗೊತ್ತಿಲ್ಲ. ಆದರೆ ವಿಷಯ ಗೊತ್ತಿದೆ. ಅದನ್ನು ಹಾಗೇ ಬಿಟ್ಟೆ. ಮಗನಿಗೆ ಫೋನ್ ಮಾಡಿ ಹೇಳಿದೆ, ಗೇಟಿನದೊಂದು ಸಾಕು ಅಂತ.

ಹೊಸ ಪಾಸ್‌ವರ್ಡ್ ಬಿದ್ದ ಕೂಡಲೇ ಹದಿನೇಳೂ ಕಳಚಿಕೊಂಡವು. ನಮ್ಮವನ್ನೆಲ್ಲ ಒಂದೊಂದಾಗಿ ಸೇರಿಸಿದೆವು. ಆ ನಾಲ್ಕು ಅಪರಿಚಿತ ಸಾಧನಗಳು ಮತ್ತೆ ಬರಲಿಲ್ಲ. ಹತ್ತು ನಿಮಿಷಕ್ಕೆ ಮಹಡಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಬಾಡಿಗೆ ಹುಡುಗರಲ್ಲೊಬ್ಬ ಬಾಗಿಲಲ್ಲಿ ನಿಂತಿದ್ದ.

"ಆಂಟಿ, ನೆಟ್ ಹೋಗಿದೆ. ನಿಮಗೆ ಬರ್ತಿದೆಯಾ?"

ಚಿಕ್ಕಮ್ಮ ನನ್ನ ಮುಖ ನೋಡಿದರು. ಒಳ್ಳೇ ಹುಡುಗರು, ಕರೆಂಟ್ ಹೋದರೆ ಓಡಿಬಂದು ಫ್ಯೂಸ್ ಹಾಕಿಕೊಡುವವರು, ಇಲ್ಲ ಅನ್ನಲು ಅವರಿಗೆ ಮನಸ್ಸಿಲ್ಲ. ಅದಕ್ಕೂ ದಾರಿ ಇತ್ತು. ರೌಟರ್‌ನಲ್ಲಿ ಅತಿಥಿಗಳಿಗೆಂದೇ ಬೇರೆ ವೈಫೈ ತೆರೆಯುವ ಆಯ್ಕೆ ಇರುತ್ತದೆ. ಅದಕ್ಕೆ ಸೇರಿದವರಿಗೆ ಇಂಟರ್‌ನೆಟ್ ಸಿಗುತ್ತದೆ, ಮನೆಯೊಳಗಿನ ಕ್ಯಾಮೆರಾ, ಟಿವಿ ಕಾಣುವುದಿಲ್ಲ. ಅದನ್ನು ತೆರೆದು, ಬೇರೆ ಪಾಸ್‌ವರ್ಡ್ ಇಟ್ಟು, ಚೀಟಿಯಲ್ಲಿ ಬರೆದು ಚಿಕ್ಕಮ್ಮನ ಕೈಗೆ ಕೊಟ್ಟೆ. ಅವರು ಅದನ್ನು ಹುಡುಗನಿಗೆ ಕೊಡುವ ಮೊದಲು ಕನ್ನಡಕ ಹಾಕಿಕೊಂಡು ಒಮ್ಮೆ ಓದಿದರು.

"ಇದು ನಮ್ಮದಲ್ಲ ತಾನೇ?"

"ಅಲ್ಲ ಚಿಕ್ಕಮ್ಮ. ನಿಮ್ಮದು ಡೈರಿಯಲ್ಲಿದೆ."

"ಹಾಗಾದರೆ ಸರಿ" ಅಂತ ಚೀಟಿ ಕೊಟ್ಟು, ಅವನನ್ನು ಒಳಗೆ ಕರೆದು ಎರಡು ಹೋಳಿಗೆ ಕೊಟ್ಟರು.